ಮಸ್ಕತ್ತಿಗೆ ಹೋದವಳ ಸಹಿ

ಆ ವರ್ಷ ಉಗಾದಿಗೆ ಮುಂಚೆ ನಮ್ಮ ಬ್ಯಾಂಕಿನ ಕೇಂದ್ರ ಕಚೇರಿಯಿಂದ ಒಂದು ಪಟ್ಟಿ ಬಂತು. ಗುರುತಿನ ಕಾಗದಪತ್ರಗಳನ್ನು ಹೊಸದಾಗಿ ಒಪ್ಪಿಸದೇ ಇದ್ದವರ ಪಟ್ಟಿ. ಕೆವೈಸಿ ಅಂತ ಅದಕ್ಕೆ ಹೆಸರು. ಕಾಗದ ಕೊಡುವವರೆಗೆ ಖಾತೆಗೆ ದುಡ್ಡು ಬಂದು ಬೀಳಬಹುದು, ಆದರೆ ತೆಗೆಯುವಂತಿಲ್ಲ. ಒಂದು ಹೆಸರಿನ ಮುಂದೆ ಮಾತ್ರ ಬೇರೆ ಷರಾ ಇತ್ತು: ಈ ಖಾತೆಗೆ ಪ್ರತಿ ತಿಂಗಳೂ ಹೊರದೇಶದಿಂದ ಹಣ ಬರುತ್ತಿದೆ, ಖಾತೆದಾರರು ಎಲ್ಲಿ ವಾಸವಾಗಿದ್ದಾರೆ ವಿಚಾರಿಸಿ ತಿಳಿಸಿ.

ಎಲ್ಲಿದ್ದಾಳೆ ಅಂತ ವಿಚಾರಿಸುವ ಅಗತ್ಯ ನನಗಿರಲಿಲ್ಲ. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಅವಳು ಎಂಟು ವರ್ಷದಿಂದ ಇದ್ದದ್ದು ಇಡೀ ಊರಿಗೆ ಗೊತ್ತಿತ್ತು. ಈ ಬರಹದಲ್ಲಿ ಯಾರ ಹೆಸರೂ ಬೇಡ ಅಂದುಕೊಂಡೇ ಬರೆಯಲು ಕೂತೆ. ಆದರೆ ಆ ಹುಡುಗಿಯ ಹೆಸರೊಂದನ್ನು ಹೇಳದೆ ಮುಂದೆ ಹೋಗಲು ಬರುವುದಿಲ್ಲ. ಸುಜಾತಾ.

ನಮ್ಮ ಶಾಖೆ ಇದ್ದದ್ದು ಗಡಿಯ ಆಚೆ, ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನಲ್ಲಿ, ಸನಮಡಿ, ಸೋನ್ಯಾಳದ ಕಡೆಯ ಒಂದು ಹಳ್ಳಿಯಲ್ಲಿ. ಯಾರದೋ ಮನೆಯ ಪಡಸಾಲೆಯನ್ನೇ ಬಾಡಿಗೆಗೆ ಹಿಡಿದು ಕೌಂಟರ್ ಕಟ್ಟಿಸಿದ್ದರು. ಫಾರ್ಮುಗಳೆಲ್ಲ ಮರಾಠಿ, ಇಂಗ್ಲಿಷಿನಲ್ಲಿ. ಬರುವ ಜನ ಮಾತ್ರ ಕನ್ನಡ ಸಾಲಿ ಕಲಿತವರು, ಸಹಿ ಮಾಡುವುದು ಕನ್ನಡದಲ್ಲಿ. ಮ್ಯಾನೇಜರ್ ಕೊಂಕಣದ ಕಡೆಯವರು, ಕ್ಯಾಶಿಯರ್ ಸಾತಾರದ ಕಡೆಯವರು. ಇಬ್ಬರಿಗೂ ಕನ್ನಡದ ಒಂದಕ್ಷರ ಬಾರದು. ಮೂರನೆಯವನು ಗುಮಾಸ್ತನಾದ ನಾನು. ಮನೆಯಲ್ಲಿ ದಖನಿ ಉರ್ದು ಮಾತಾಡಿಕೊಂಡು ಬೆಳೆದವನಾದರೂ ನಾನು ಕಲಿತದ್ದು ಕರಜಗಿಯ ಕನ್ನಡ ಸಾಲಿಯಲ್ಲಿ. ಹಾಗಾಗಿ ಕನ್ನಡ ಸಹಿ ಇದ್ದ ಸ್ಲಿಪ್ಪು ಬಂದರೆ ಮ್ಯಾನೇಜರ್ ನೋಡದೆಯೇ ನನ್ನ ಕಡೆ ಸರಿಸುತ್ತಿದ್ದರು. ನಾನಿಲ್ಲದಿದ್ದರೆ ಈ ಶಾಖೆಗೆ ಬೀಗವೇ ಗತಿ ಅನ್ನುವ ಸೊಕ್ಕು ನನಗೆ ಸಾಕಷ್ಟಿತ್ತು. ಸಿಡುಕಂತೂ ಹುಟ್ಟಿನಿಂದಲೇ ಬಂದದ್ದು, ಅದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ, ಗಿರಾಕಿಗಳೂ ಹೇಳುತ್ತಿದ್ದರು.

ಸಂತೆಯ ದಿನ ಸುಜಾತಾಳ ತಾಯಿ ಬಂದಳು. ಬುದ್ಧವಿಹಾರದ ಹಿಂದಿನ ಗಲ್ಲಿಯವಳು, ಐವತ್ತರ ಒಳಗಿನ ವಯಸ್ಸು. ದಾಳಿಂಬೆ ತೋಟಕ್ಕೂ ಒಣದ್ರಾಕ್ಷಿ ಶೆಡ್ಡಿಗೂ ದುಡಿಯಲು ಹೋಗುವ ಹನ್ನೆರಡು ಹೆಂಗಸರ ಟೋಳಿಗೆ ಅವಳೇ ಮುಖಂಡಳು. ಯಾವ ಮಾಲೀಕನ ಹತ್ತಿರ ಎಷ್ಟು ಪಗಾರ ಕೇಳಬೇಕು, ಯಾರ ತೋಟಕ್ಕೆ ಹೋಗಬಾರದು, ಎಲ್ಲ ಅವಳ ಮಾತಿನಂತೆ. ಅವಳು ಒಳಗೆ ಬಂದು ಬಾಯಿ ತೆಗೆದಳೆಂದರೆ ನಮ್ಮ ಫ್ಯಾನಿನ ಗಡಗಡ ಸದ್ದು ಕೇಳುತ್ತಿರಲಿಲ್ಲ. ಎಂದಿನಂತೆ ಮಗಳ ಪಾಸ್‌ಬುಕ್ಕನ್ನೂ ಮಗಳ ಸಹಿ ಇದ್ದ ಸ್ಲಿಪ್ಪನ್ನೂ ನನ್ನ ಮುಂದೆ ಇಟ್ಟಳು. ನಾನು ಎರಡನ್ನೂ ವಾಪಸು ಸರಿಸಿದೆ.

"ಯಾಕ್ರಿ ಸಾಹೇಬ್ರ, ಮಷೀನ್ ನಿಂತೈತೇನ್ರಿ?"

"ಮಷೀನ್ ಚಲೋ ಐತಿ. ನಿಮ್ಮ ಮಗಳ ಖಾತೇನ ನಿಂತೈತಿ."

"ಅಯ್ಯ, ಅದ್ಹೆಂಗ ನಿಂತೀತ್ರಿ? ಅಕಿ ತಿಂಗಳಾ ತಿಂಗಳಾ ಹಾಕ್ತಾಳ, ನಾ ತಿಂಗಳಾ ತಿಂಗಳಾ ತಗೀತೀನಿ. ಎಮ್ಮಿ ಹಿಂಡಿದಂಗ ನಡದೈತಿ!"

ಸಾಲಿನಲ್ಲಿ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಸ್ಲಿಪ್ಪಿನ ಮೇಲೆ ದುಡ್ಡು ತೆಗೆಯಬೇಕಾದರೆ ಖಾತೆದಾರರೇ ಎದುರಿಗೆ ಬರಬೇಕು. ಆದರೆ ಎಟಿಎಮ್ ಅಂದರೆ ಜತ್ತಿಗೆ ಹೋಗಬೇಕು, ಒಂದು ದಿನದ ಪಗಾರ ಹೋಗುತ್ತದೆ. ಸುಜಾತಾ ಹೊರಡುವ ಮುಂಚೆ ಒಂದು ಕಟ್ಟು ಸ್ಲಿಪ್ಪುಗಳಿಗೆ ಸಹಿ ಹಾಕಿ ತಾಯಿಗೆ ಕೊಟ್ಟು ಹೋಗಿದ್ದಳು. ನಮ್ಮ ಕಡೆ ದುಡಿಯಲು ಹೊರಗೆ ಹೋಗುವವರೆಲ್ಲ ಹಾಗೇ ಮಾಡುತ್ತಾರೆ. ತಾಯಿಯ ಮುಖ ಗೊತ್ತು, ಮಗಳ ಸಹಿ ಗೊತ್ತು ಅಂತ ನಾನು ವರ್ಷಗಟ್ಟಲೆ ಪಾಸು ಮಾಡಿದ್ದೆ.

ಅವತ್ತೇ ಮ್ಯಾನೇಜರ್ ಕೋಣೆಯಿಂದ ಮಸ್ಕತ್ತಿಗೆ ವಾಟ್ಸ್ಆ್ಯಪಿನಲ್ಲಿ ಫೋನು ಮಾಡಿದೆವು. ಹೊರದೇಶದಲ್ಲಿ ನೆಲೆಸಿದವರು ಊರಿನ ಸಾದಾ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಅದನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಬೇಕು ಅಂತ ನಾನು ವಿವರಿಸಿದೆ. ಪಾಸ್‌ಪೋರ್ಟು, ಅಲ್ಲಿಯ ವಾಸದ ಕಾರ್ಡು, ಅಲ್ಲಿಯ ವಿಳಾಸಕ್ಕೆ ಪುರಾವೆ, ಪ್ಯಾನ್, ಫೋಟೋ, ತೆರಿಗೆಯ ಘೋಷಣೆ, ಹೊಸ ಸಹಿಯ ಹಾಳೆ. ಎಲ್ಲದರ ಮೇಲೂ ಅಲ್ಲಿರುವ ನಮ್ಮ ರಾಯಭಾರ ಕಚೇರಿಯ ದೃಢೀಕರಣ ಬೇಕು. ನಾನು ಹೇಳುತ್ತಾ ಹೋದಂತೆ ಆ ಕಡೆಯಿಂದ ಒಂದೊಂದೇ ನಿಟ್ಟುಸಿರು ಕೇಳಿಸಿತು.

ಮ್ಯಾನೇಜರ್ ಮರಾಠಿಯಲ್ಲಿ ಸುಲಭದ ದಾರಿ ಹೇಳಿದರು. ಮಗಳ ಖಾತೆ ಮುಚ್ಚಿಬಿಡಿ. ತಾಯಿಗೆ ಹೇಗೂ ಹೆಬ್ಬಟ್ಟಿನ ಖಾತೆ ಬೇರೆ ಇದೆ, ಇದ್ದದ್ದನ್ನು ಅದಕ್ಕೆ ಹಾಕಿ, ಮುಂದಿನ ತಿಂಗಳಿನಿಂದ ಮಗಳು ನೇರ ಅಲ್ಲಿಗೇ ಕಳಿಸಲಿ. ಸುಜಾತಾ ಕೂಡಲೇ ಒಪ್ಪಿದಳು. "ಅವ್ವನ ಖಾತೇಕ ಹಾಕ್ತೀನ್ರಿ ಸರ್. ನನಗ ಇಲ್ಲಿ ರಜಾ ಸಿಗೂದ ಕಷ್ಟ ಐತಿ" ಅಂದಳು.

ತಾಯಿ ಮಾತ್ರ ಕುರ್ಚಿಯಿಂದ ಎದ್ದು ನಿಂತಳು. "ಖಾತೆ ಮುಚ್ಚಾಂಗಿಲ್ಲ್ರಿ."

"ಯಾಕ?"

"ಮುಚ್ಚಾಂಗಿಲ್ಲಂದ್ರ ಮುಚ್ಚಾಂಗಿಲ್ಲ. ಅಕಿ ಸಾಲ್ಯಾಗಿದ್ದಾಗ ಸ್ಕಾಲರ್ಶಿಪ್ಪಿಗಂತ ತಗದ ಖಾತೆ ಅದು. ಇರ್ಲಿ."

"ಇದ್ದು ಏನ್ ಮಾಡ್ಬೇಕು? ದುಡ್ಡು ನಿಮ್ಮ ಖಾತೇಕ ಬಂದ್ರ ನಿಮಗ ಚಲೋ ಅಲ್ಲೇನು? ಹೆಬ್ಬಟ್ಟು ಒತ್ತಿದ್ರ ಆತು."

"ನನಗ ಹೆಬ್ಬಟ್ಟು ಬ್ಯಾಡ್ರಿ."

ನನ್ನ ತಲೆ ಮೊಸರಗಡಿಗೆ ಆಯಿತು. ಅರ್ಧ ತಾಸಿನ ಕೆಲಸಕ್ಕೆ ಮೂರು ತಿಂಗಳ ಓಡಾಟ ಬೇಕೆನ್ನುವ ಹೆಂಗಸನ್ನು ನಾನು ಅದೇ ಮೊದಲು ನೋಡಿದ್ದು. ಫೋನಿನಲ್ಲಿ ಮಗಳು "ಅವ್ವಾ, ಹಟ ಮಾಡಬ್ಯಾಡ" ಅಂದಳು. ತಾಯಿ ಫೋನಿನ ಕಡೆ ನೋಡಲೂ ಇಲ್ಲ. ಕೊನೆಗೆ ಮ್ಯಾನೇಜರ್ ಜೂನ್ ಮುಗಿಯುವವರೆಗೆ ಅಂತ ಗಡುವು ಕೊಟ್ಟರು. ಅಷ್ಟರೊಳಗೆ ಕಾಗದಪತ್ರ ಸರಿಹೋದರೆ ಖಾತೆ ಉಳಿಯುತ್ತದೆ, ಇಲ್ಲವಾದರೆ ಮುಚ್ಚುವುದೇ ಸೈ.

ಹೀಗೆ ಆ ಬೇಸಿಗೆಯೆಲ್ಲ ನಾನು ಮಸ್ಕತ್ತಿನ ಗಡಿಯಾರಕ್ಕೆ ಕಟ್ಟಿಕೊಂಡೆ. ಅವರ ಸಮಯ ನಮಗಿಂತ ಒಂದೂವರೆ ತಾಸು ಹಿಂದೆ. ಅವಳ ಡ್ಯೂಟಿ ಬಿಡುವ ಹೊತ್ತಿಗೆ ನನ್ನ ಕೌಂಟರಿನಲ್ಲಿ ಸಾಲು. ನನ್ನ ಸಾಲು ಕರಗುವ ಹೊತ್ತಿಗೆ ಅವಳಿಗೆ ನಿದ್ದೆ. ಆದರೂ ಅವಳು ಕಳಿಸಿದಳು. ಮೊದಲ ಕಟ್ಟು ಕೇಂದ್ರದ ಪರಿಶೀಲನಾ ವಿಭಾಗದಿಂದ ವಾರದಲ್ಲೇ ತಿರುಗಿ ಬಂತು: ವಿಳಾಸದ ಪುರಾವೆ ಅರಬ್ಬಿಯಲ್ಲಿದೆ, ಅನುವಾದ ಬೇಕು. ಅನುವಾದ ಮಾಡಿಸಿದಳು. ಎರಡನೆಯದೂ ತಿರುಗಿ ಬಂತು: ಖಾತೆದಾರರ ಸಹಿ ಇಂಗ್ಲಿಷಿನಲ್ಲಿದೆ, ಬ್ಯಾಂಕಿನ ಮಾದರಿ ಸಹಿಯ ಕಾರ್ಡಿನಲ್ಲಿರುವ ಹಳೆಯ ಸಹಿ ಕನ್ನಡದಲ್ಲಿದೆ, ತಾಳೆಯಾಗುವುದಿಲ್ಲ. ಹಳೆಯ ಸಹಿ, ಹೊಸ ಸಹಿ ಎರಡನ್ನೂ ರಾಯಭಾರ ಕಚೇರಿಯ ಅಧಿಕಾರಿಯ ಎದುರಿಗೆ ಮಾಡಿ ಕಳಿಸಬೇಕು.

"ಸರ್, ಕನ್ನಡದಾಗ ಸಹಿ ಮಾಡಿ ಎಷ್ಟ ವರ್ಷ ಆತು ಗೊತ್ತೇನ್ರಿ?" ಅಂದಳು ಸುಜಾತಾ.

"ಮಾಡಿ ಎಷ್ಟ ವರ್ಷ? ಖಾತೆ ನಿಲ್ಲೂ ಮುಂಚಿನ ತಿಂಗಳಿನ ಸ್ಲಿಪ್ಪ ನಮ್ಮ ಹತ್ರ ಐತಲ್ಲವ್ವ" ಅಂತ ನಕ್ಕೆ. ಅವಳಿಗೆ ನಾನಂದದ್ದು ಕೇಳಿಸಿತೋ ಇಲ್ಲವೋ, ಯಾರೋ ಅವಳನ್ನು ವಾರ್ಡಿಗೆ ಕರೆದರು, ಫೋನು ಕಡಿಯಿತು. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ತಾಯಿ ಪ್ರತಿ ಸಂತೆಗೂ ಬಂದು ವಿಚಾರಿಸುತ್ತಿದ್ದಳು. ಬರುವಾಗ ಒಮ್ಮೆ ದಾಳಿಂಬೆ, ಒಮ್ಮೆ ಸೆರಗಿನ ತುದಿಯಲ್ಲಿ ಕಟ್ಟಿದ ಒಣದ್ರಾಕ್ಷಿ. "ಲಂಚ ಅಲ್ರಿ ಇದು, ನಿಮ್ಮ ಸಿಟ್ಟ ಇಳೀಲಿ ಅಂತ" ಅನ್ನುತ್ತಿದ್ದಳು. ಇಡೀ ಶಾಖೆ ನಗುತ್ತಿತ್ತು. ಬಿಸಿಲಿಗೆ ತಗಡಿನ ಚಾವಣಿ ಕಟಕಟ ಅನ್ನುತ್ತಿತ್ತು, ಹೊರಗೆ ಸಂತೆಯ ಗದ್ದಲ, ಒಳಗೆ ಶಾಯಿ ಪ್ಯಾಡಿನ ವಾಸನೆ. ಈಗ ಸಾಂಗಲಿಯ ತಣ್ಣನೆಯ ಎ.ಸಿ. ಕೋಣೆಯಲ್ಲಿ ಕೂತು ಕೆಲಸ ಮಾಡುವವನಿಗೆ ಆ ಬೆವರಿನ ದಿನಗಳು ಇಷ್ಟು ಹಿತವಾಗಿ ಯಾಕೆ ನೆನಪಾಗುತ್ತವೋ, ದೇವರೇ ಬಲ್ಲ.

ಜೂನ್ ಎರಡನೆಯ ವಾರ ಮೂರನೆಯ ಕಟ್ಟು ಕೊರಿಯರಿನಲ್ಲಿ ಬಂತು. ಎಲ್ಲ ಸರಿಯಿತ್ತು. ಮೊಹರು, ಅನುವಾದ, ಎರಡೂ ಸಹಿ. ನಾನು ಕನ್ನಡ ಸಹಿಯನ್ನು ನೋಡಿದೆ: ಸುಜಾತಾ. ತಲೆಯಾಡಿಸಿ ಮ್ಯಾನೇಜರ್ ಮುಂದೆ ಇಟ್ಟೆ. ಹೊರದೇಶದ ಕಾಗದವಾದ್ದರಿಂದ ಈ ಸಲ ಅವರೇ ತಾಳೆ ನೋಡಬೇಕಿತ್ತು. ಅವರು ಹಳೆಯ ಕಾರ್ಡು ತರಿಸಿದರು, ಕೊನೆಯ ನಾಲ್ಕು ಸ್ಲಿಪ್ಪುಗಳನ್ನೂ ತರಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು, ಕಾರ್ಡು ಮತ್ತು ಹೊಸ ಹಾಳೆಯನ್ನು ಒಂದು ಕಡೆ ಇಟ್ಟರು, ಸ್ಲಿಪ್ಪುಗಳನ್ನು ಇನ್ನೊಂದು ಕಡೆ.

"ಈ ಎರಡು ಒಂದೇ ಕೈ. ಈ ನಾಲ್ಕು ಬೇರೆ ಕೈ" ಅಂದರು ಮರಾಠಿಯಲ್ಲಿ.

ಬಗ್ಗಿ ನೋಡಿದೆ. ಕಾರ್ಡಿನ ಸಹಿ ಸರ್ರನೆ ಒಂದೇ ಎಳೆತದಲ್ಲಿ ಹೋಗಿತ್ತು, ಓದಿದ ಹುಡುಗಿಯ ಅವಸರ. ಸ್ಲಿಪ್ಪಿನದು ನಿಂತು ನಿಂತು, ಪೆನ್ನು ಒತ್ತಿ ಒತ್ತಿ, ರಂಗೋಲಿ ಎಳೆದ ಹಾಗಿತ್ತು. ಕುರುಡನಿಗೂ ಕಾಣುವ ವ್ಯತ್ಯಾಸ. ಇಷ್ಟು ವರ್ಷ ನನಗೆ ಯಾಕೆ ಕಾಣಲಿಲ್ಲವೆಂದರೆ, ನಾನು ಸಹಿಯನ್ನು ಓದುತ್ತಿದ್ದೆ. 'ಸುಜಾತಾ' ಅಂತ ಓದಿಸಿಕೊಂಡರೆ ಸಾಕು, ಸ್ಲಿಪ್ಪು ಪಾಸು. ಮ್ಯಾನೇಜರಿಗೆ ಓದಲು ಬಾರದು, ಹಾಗಾಗಿ ಅವರು ನೋಡಿದರು. ಯಾವ ಅಕ್ಷರದ ಸೊಕ್ಕು ನನಗಿತ್ತೋ ಅದೇ ನನ್ನ ಕಣ್ಣು ಕಟ್ಟಿತ್ತು. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ತಾಯಿಯನ್ನು ಕರೆಸಿ, ಮ್ಯಾನೇಜರ್ ಕೋಣೆಯ ಬಾಗಿಲು ಹಾಕಿ, ಸ್ಲಿಪ್ಪುಗಳನ್ನು ಮುಂದೆ ಇಟ್ಟೆ. "ಇವನ್ನ ಯಾರು ಬರದಾರು?"

ಅವಳು ಸುಳ್ಳು ಹೇಳುತ್ತಾಳೆಂದು ನಾನು ಕಾದಿದ್ದೆ.

"ನಾನ ಬರದೀನ್ರಿ."

"ನಿಮಗ ಬರೀಲಿಕ್ಕೆ ಎಲ್ಲಿ ಬರ್ತೈತಿ?"

"ಇದೊಂದ ಬರ್ತೈತ್ರಿ."

ನಾನು ಕೂಗಾಡಿದೆ, ಸುಳ್ಳೇಕೆ. "ಇದಕ್ಕ ಜೈಲ್ ಐತಿ, ಗೊತ್ತೇನು? ಇನ್ನೊಬ್ಬರ ಸಹಿ ಮಾಡೂದಂದ್ರ ಕಳುವು ಇದ್ದಂಗ! ನೀವೂ ಹೋಗ್ತೀರಿ, ನನ್ನ ನೌಕರೀನೂ ಹೋಗ್ತೈತಿ!"

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅಕಿ ಹೆಸರ ಇಟ್ಟಾಕಿ ನಾನು. ನಾ ಇಟ್ಟ ಹೆಸರ ನಾ ಬರದ್ರ ಅದ್ಹೆಂಗ ಕಳುವಾಕೈತ್ರಿ ಸಾಹೇಬ್ರ?"

ನಾನು ಕುರ್ಚಿ ಎಳೆದು ಕೂತೆ. ಅವಳೂ ಕೂತಳು, ನಿಧಾನವಾಗಿ ಹೇಳಿದಳು. ಮಗಳು ಸಹಿ ಮಾಡಿಟ್ಟು ಹೋದ ಸ್ಲಿಪ್ಪುಗಳು ಎರಡು ವರ್ಷಕ್ಕೆ ತೀರುತ್ತಾ ಬಂದಿದ್ದವು. ಉಳಿದದ್ದರಲ್ಲಿ ಒಂದನ್ನು ಅವಳು ನನಗೆ ಕೊಡದೆ ಇಟ್ಟುಕೊಂಡಳು. ದಾಳಿಂಬೆ ತೋಟದಲ್ಲಿ, ಊಟದ ಹೊತ್ತಿನಲ್ಲಿ, ಅದನ್ನು ಮುಂದಿಟ್ಟುಕೊಂಡು ಮಣ್ಣಿನಲ್ಲಿ ಕಡ್ಡಿಯಿಂದ ತಿದ್ದಿದಳು. ಟೋಳಿಯ ಹೆಂಗಸರು ನಕ್ಕರು. ಒಂದು ಮಳೆಗಾಲ ಪೂರ್ತಿ ಹಿಡಿಯಿತು.

"ಮಗಳಿಗಿ ಹೇಳಿದ್ರ ಮತ್ತೊಂದ ಕಟ್ಟು ಸಹಿ ಮಾಡಿ ಕಳಸ್ತಿದ್ಲಲ್ಲ?" ಅಂದೆ.

"ಕಳಸ್ತಿದ್ಲ್ರಿ. ಆದ್ರ ಆಗ ನನಗ ರೂಢಿ ಬಿದ್ದಿತ್ತು." ಅವಳು ಸ್ಲಿಪ್ಪಿನ ಕಡೆ ನೋಡಿದಳು. "ಫೋನಿನ್ಯಾಗ ಅಕಿಗಿ ಪುರುಸೊತ್ತ ಇರಂಗಿಲ್ಲ. ಉಂಡೀ ಏನವ್ವ ಅಂತಾಳ, ಉಂಡೀನಿ ಅಂತೀನಿ, ಇಡ್ತಾಳ. ಇದನ್ನ ಬರೀಲಾಕ ನನಗ ಭಾಳ ಹೊತ್ತ ಬೇಕ್ರಿ. ಅಷ್ಟ ಹೊತ್ತ ಅಕಿ ನನ್ನ ಮುಂದ ಕುಂತಂಗ ಅನಸ್ತೈತಿ. ಖಾತೆ ಮುಚ್ಚಿದ್ರ ನಾ ಬರಿಯೂದ ಎಲ್ಲಿ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮೂರು ತಿಂಗಳು ಈ ಹೆಂಗಸಿನ ಹಟಕ್ಕೆ ಹಲ್ಲು ಕಡಿದಿದ್ದೆ. ನನ್ನ ಅಮ್ಮಿಯ ನೆನಪಾಯಿತು. ನಾನು ನೌಕರಿಗೆಂದು ಮನೆ ಬಿಟ್ಟಾಗ ಅವಳು ಏನು ಮಾಡುತ್ತಿದ್ದಳೋ, ನಾನೆಂದೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು, ಫೈಲು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ.

ಆದರೆ ಕಣ್ಣೀರಿನಿಂದ ಖಾತೆ ಸರಿಹೋಗುವುದಿಲ್ಲ. ಅವಳು ಹೋದ ಮೇಲೆ ಮ್ಯಾನೇಜರ್ ಹೇಳಿದರು: ಹೊಸ ಕಾಗದಗಳು ಸರಿಯಾಗಿವೆ, ಖಾತೆ ಬದಲಾಗುತ್ತದೆ. ಹಳೆಯ ಸ್ಲಿಪ್ಪುಗಳೆಲ್ಲ ಮಗಳು ಮೊದಲೇ ಸಹಿ ಮಾಡಿಟ್ಟು ಹೋದವು ಅಂತ ಒಂದು ಸಾಲು ಬರೆದುಬಿಡಿ, ಯಾರೂ ಕೇಳುವುದಿಲ್ಲ. ಆಮೇಲೆ, "ಪಾಸು ಮಾಡಿದವರು ನೀವು, ತೀರ್ಮಾನವೂ ನಿಮ್ಮದೇ" ಅಂತ ಸೇರಿಸಿದರು.

ಎರಡು ದಿನ ಯೋಚಿಸಿದೆ. ಆ ಒಂದು ಸಾಲು ಬರೆದರೆ ನಾನು ಪಾರು. ಆದರೆ ನಾಳೆ ತಪಾಸಣೆಯವರು ಯಾರಾದರೂ ಮ್ಯಾನೇಜರ್ ನೋಡಿದ ಹಾಗೆಯೇ ನೋಡಿದರೆ, ಕಳ್ಳತನದ ಹೆಸರು ಬರುವುದು ಆ ತಾಯಿಯ ತಲೆಗೆ. ಹೆಬ್ಬಟ್ಟಿನವಳ ಮಾತನ್ನು ಯಾರು ನಂಬುತ್ತಾರೆ? ಮೂರನೆಯ ದಿನ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಖಾತೆದಾರರ ಗೈರುಹಾಜರಿಯಲ್ಲಿ ಹಣ ಕೊಟ್ಟವನು ನಾನು, ಸಹಿಯ ತಾಳೆ ಸರಿಯಾಗಿ ನೋಡದವನು ನಾನು. ಜೊತೆಗೆ ಮಗಳಿಂದ ಒಂದು ಪತ್ರ ಬೇಕಿತ್ತು, ತೆಗೆದ ದುಡ್ಡೆಲ್ಲ ಅವಳು ತಾಯಿಗೆಂದೇ ಕಳಿಸಿದ್ದು, ಅವಳ ತಕರಾರಿಲ್ಲ ಅಂತ.

ಫೋನು ಮಾಡಿ ವಿಷಯ ಹೇಳಿದೆ.

"ನಮ್ಮವ್ವಗ ಬರೀಲಿಕ್ಕೆ ಬರ್ತೈತ್ರ್ಯಾ ಸರ್?" ಅಂದಳು ಸುಜಾತಾ. "ಒಂದ ಫೋಟೋ ಹೊಡದ ಕಳಸ್ರಿ ಸರ್, ನಾ ನೋಡ್ಬೇಕು."

ಬ್ಯಾಂಕಿನ ಸ್ಲಿಪ್ಪಿನ ಫೋಟೋ ಹೊರಗೆ ಕಳಿಸುವಂತಿಲ್ಲ ಅಂದೆ. ಇಷ್ಟೆಲ್ಲ ಆದ ಮೇಲೂ ನಿಯಮ ಹೇಳಲು ನನಗೆ ಬಾಯಾದರೂ ಹೇಗೆ ಬಂತೋ! ಪತ್ರ ನಾಲ್ಕೇ ದಿನದಲ್ಲಿ ಬಂತು.

ಜೂನ್ ಕೊನೆಯ ವಾರ ಖಾತೆ ಅನಿವಾಸಿ ಖಾತೆಯಾಯಿತು, ಹಳೆಯ ನಂಬರೇ ಉಳಿಯಿತು. ಮಗಳ ಅಧಿಕಾರಪತ್ರದ ಮೇಲೆ ತಾಯಿ ಊರಿನ ಖರ್ಚಿಗೆ ದುಡ್ಡು ತೆಗೆಯಬಹುದು ಅಂತ ಮಂಜೂರಾಯಿತು. ನನಗೆ ಲಿಖಿತ ಎಚ್ಚರಿಕೆ ಬಂತು, ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು. ಹೆಂಡತಿ ಒಂದು ವಾರ ಮಾತು ಬಿಟ್ಟಳು. ಆದರೂ ಹೇಳುತ್ತೇನೆ, ಅಷ್ಟು ನಿಶ್ಚಿಂತೆಯಿಂದ ನಾನು ಎಷ್ಟೋ ವರ್ಷ ಮಲಗಿರಲಿಲ್ಲ.

ಮುಂದಿನ ಸಂತೆಗೆ ತಾಯಿ ಬಂದಳು. ಖಾತೆ ಉಳಿಯಿತು ಅಂತ ಫೋನಿನಲ್ಲಿ ಕೇಳಿದ್ದಳು, ಮುಖ ಅರಳಿತ್ತು. ಸ್ಲಿಪ್ಪನ್ನು ಮೊದಲೇ ಬರೆದು ತಂದಿದ್ದಳು, ಸಹಿಯ ಜಾಗದಲ್ಲಿ ಸುಜಾತಾ. ನಾನು ಅದನ್ನು ಹರಿದು ಹಾಕಬೇಕಾಯಿತು. ಇನ್ನು ಮೇಲೆ ಸಹಿಯ ಜಾಗದಲ್ಲಿ ನಿಮ್ಮ ಹೆಬ್ಬಟ್ಟೇ ಬೀಳಬೇಕು, ಮಗಳ ಸಹಿ ಮಾಡುವಂತಿಲ್ಲ ಅಂತ ವಿವರಿಸಿದೆ. ಅವಳು ಶಾಯಿ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು, ಹೊಸ ಸ್ಲಿಪ್ಪಿಗೆ ಒತ್ತಿದಳು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು. ಅವತ್ತು ನಮ್ಮ ಫ್ಯಾನಿನ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಅಂದ್ರ ಇನ್ನ ಬರಿಯೂದಿಲ್ಲೇನ್ರಿ?"

ಖಾತೆ ಉಳಿಸಿದೆನೆಂದು ಬೀಗುತ್ತಿದ್ದವನು ನಾನು. ಅವಳು ಯಾವುದಕ್ಕಾಗಿ ಅದನ್ನು ಉಳಿಸಲು ಹೇಳಿದ್ದಳೋ ಅದನ್ನೇ ಕಿತ್ತುಕೊಂಡಿದ್ದೆ. ಸ್ಲಿಪ್ಪನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತೆ. ತಾರೀಖು, ನಂಬರು ಎಲ್ಲ ನಾನೇ ತುಂಬಿದ್ದೆ. ಖಾತೆದಾರರ ಹೆಸರು ಅನ್ನುವ ಸಾಲು ಇನ್ನೂ ಖಾಲಿ ಇತ್ತು. ಹೆಬ್ಬಟ್ಟಿನವರ ಸ್ಲಿಪ್ಪಿನಲ್ಲಿ ಆ ಸಾಲನ್ನು ಗುಮಾಸ್ತರೇ ತುಂಬುವುದು ರೂಢಿ. ಆದರೆ ಅದನ್ನು ಯಾರು ತುಂಬಬೇಕು ಅಂತ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಸ್ಲಿಪ್ಪನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟೆ.

"ಇಲ್ಲಿ ಹೆಸರ ಬರೀರಿ. ಇದು ಸಹಿ ಅಲ್ಲ, ಬರೇ ಹೆಸರ."

ಅವಳು ಕೌಂಟರಿಗೆ ಎರಡೂ ಮೊಣಕೈ ಊರಿ ಬರೆಯತೊಡಗಿದಳು. ಹಿಂದಿನವರು "ಲಗೂನ ಮಾಡ್ರಿ" ಅಂತ ಗೊಣಗಿದರು. "ಸುಮ್ಮ ನಿಂದರ್ರಿ!" ಅಂತ ನಾನು ಗದರಿದೆ. ಬರೆದು ಮುಗಿಸಿ ಅವಳು ಸ್ಲಿಪ್ಪನ್ನು ಕೊಡಲಿಲ್ಲ. ತಲೆ ಎತ್ತಿ, ಸ್ವಲ್ಪ ನಾಚಿಕೊಂಡು, ಕೇಳಿದಳು:

"ಸಾಹೇಬ್ರ, ಇದರಾಗ 'ಸು' ಯಾವ್ದ್ರಿ?"

ಆರು ವರ್ಷ ಬರೆದವಳು. ಯಾವ ಗೆರೆ ಯಾವ ಸದ್ದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ. ನಾನು ಎದ್ದು ಕೌಂಟರಿನ ಮೇಲೆ ಬಗ್ಗಿ ಬೆರಳಿಟ್ಟು ತೋರಿಸಿದೆ. ಇದು ಸು, ಇದು ಜಾ, ಇದು ತಾ. ಶಾಯಿ ಮೆತ್ತಿದ ಹೆಬ್ಬೆರಳನ್ನು ಅವಳು ಒಂದೊಂದರ ಕೆಳಗೂ ಇಟ್ಟಳು. ಮೊದಲ ಸಲ ತುಟಿಯಲ್ಲೇ ಅಂದಳು. ಎರಡನೆಯ ಸಲ ತನ್ನ ಎಂದಿನ ದೊಡ್ಡ ಗಂಟಲಿನಲ್ಲಿ, ತೋಟದ ಈ ತುದಿಯಿಂದ ಆ ತುದಿಗೆ ಕೂಗುವ ಹಾಗೆ:

"ಸು... ಜಾ... ತಾ!"

ಸಾಲಿನಲ್ಲಿದ್ದವರೆಲ್ಲ, ಯಾರೋ ಬಂದರೇನೋ ಅಂತ, ತಿರುಗಿ ಬಾಗಿಲ ಕಡೆ ನೋಡಿದರು.